ಅರಳುಮರಳು ಅಂದುಕೊಂಡೆ, ಆಗಿದ್ದು ಸನ್ನಿ. ನೀವೆಲ್ಲ ಹೇಗೆ ಗುರುತಿಸುತ್ತೀರಿ?

ರಾತ್ರಿಪಾಳಿ | ಭಾನುವಾರ, ಬೆಳಿಗ್ಗೆ 10:20

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದರೂ ನಿದ್ದೆ ಹತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸ್ಟಾಫ್ ನರ್ಸ್. ವಯಸ್ಸಾದವರ ವಾರ್ಡಿಗೆ ಬಂದು ಎಂಟು ತಿಂಗಳಾಯಿತು. ನಮ್ಮಲ್ಲಿ ಒಬ್ಬರು ತಾತ ಇದ್ದಾರೆ. ಎಂಬತ್ತು ದಾಟಿದೆ, ಡಿಮೆನ್ಶಿಯಾ (ಅರಳುಮರಳು) ಇದೆ. ಯಾರಿಗೂ ತೊಂದರೆ ಕೊಡುವವರಲ್ಲ. ದಿನಾ ರಾತ್ರಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ನಿನ್ನ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತಮ್ಮಾ?" ಹೇಳುತ್ತೇನೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ.

ಮೊನ್ನೆ ರಾತ್ರಿ ಆ ಪ್ರಶ್ನೆ ಬರಲೇ ಇಲ್ಲ. ನನಗೆ ಅದು ಗಮನಕ್ಕೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಇವತ್ತು ಸುಮ್ಮನಿದ್ದಾರಲ್ಲ ಅಂತ ಒಳಗೊಳಗೇ ಹಾಯೆನಿಸಿತ್ತು.

ಒಂದು ಗಂಟೆ ಹೊತ್ತಿಗೆ ಮಂಚದಿಂದ ಇಳಿಯಲು ಹೊರಟರು. "ಬಾಗಿಲು ತೆಗಿ, ಬಾಗಿಲು ತೆಗಿ" ಅಂತ ಒಂದೇ ಸಮನೆ ಕೂಗಾಟ. ಹೊದಿಕೆ ಕಿತ್ತು ಹಾಕಿದರು. ಪೈಜಾಮದ ಲಾಡಿ ಎಳೆದಾಡಿದರು. ಹಿಡಿಯಲು ಹೋದ ಅಟೆಂಡರ್ ಕೈಗೆ ಹೊಡೆದರು. ನಾನು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, "ಡಿಮೆನ್ಶಿಯಾ ಪೇಷಂಟ್ ಸರ್, ವಯಲೆಂಟ್ ಆಗಿದ್ದಾರೆ" ಅಂದೆ. ಗಲಾಟೆ ತಗ್ಗಿಸುವ ಔಷಧಿ ಹ್ಯಾಲೋಪೆರಿಡಾಲ್ ಹೇಳಿದರು. ಕೊಟ್ಟೆ. ಮಲಗಿದರು. ನಿದ್ದೆಯಲ್ಲೂ ಒಂದು ಕೈ ಕಿಬ್ಬೊಟ್ಟೆಯ ಮೇಲೇ ಇತ್ತು.

ಬೆಳಿಗ್ಗೆ ಪಾಳಿಗೆ ಬಂದ ಸೀನಿಯರ್ ಸಿಸ್ಟರ್ ಹೊದಿಕೆ ಸರಿಸಿ ಹೊಕ್ಕುಳ ಕೆಳಗೆ ಕೈ ಇಟ್ಟರು. ನನ್ನ ಕೈಯನ್ನೂ ಹಿಡಿದು ಅಲ್ಲಿಡಿಸಿದರು. ಚೆಂಡಿನ ಹಾಗೆ ಗಟ್ಟಿಯಾಗಿ ಉಬ್ಬಿತ್ತು. ಕ್ಯಾಥೆಟರ್ ಹಾಕಿದರೆ ಒಂದು ಲೀಟರಿಗೆ ಹತ್ತಿರ ಹತ್ತಿರ ಮೂತ್ರ ಬಂತು.

ನನ್ನ ಚಾರ್ಟಿನಲ್ಲಿ ಏನಿತ್ತು ಗೊತ್ತಾ? "ಮೂತ್ರ ಆಗಿದೆ" ಅಂತ ಎರಡು ಸಲ ಟಿಕ್. ಡಯಾಪರ್ ಒದ್ದೆಯಾಗಿತ್ತಲ್ಲ, ಅದಕ್ಕೆ.

ಅವರು ಕೇಳಿದ್ದು ಬಚ್ಚಲಿನ ಬಾಗಿಲು. ನಾನು ಹೊರಗೆ ಹೋಗುವ ಬಾಗಿಲು ಅಂದುಕೊಂಡೆ.

ಈಗ ತಾತ ಪರವಾಗಿಲ್ಲ, ಆದರೆ ಇನ್ನೂ ಮಂಕಾಗಿದ್ದಾರೆ. ಡಿಮೆನ್ಶಿಯಾ ಇರುವವರು ಹೇಗಿದ್ದರೂ ಗೊಂದಲದಲ್ಲೇ ಇರುತ್ತಾರೆ. ಅದರಲ್ಲಿ ಇದು ಬೇರೆ ಅಂತ ನೀವೆಲ್ಲ ಹೇಗೆ ಕಂಡುಹಿಡಿಯುತ್ತೀರಿ? ಪುಸ್ತಕದ ಉತ್ತರ ಗೊತ್ತು. ರಾತ್ರಿ ಒಂದು ಗಂಟೆಯ ಉತ್ತರ ಬೇಕು.

---

ಹಳೇಸಿಸ್ಟರ್ | ಭಾನುವಾರ, ಬೆಳಿಗ್ಗೆ 11:05

ಮೊದಲು ಒಂದು ಲೋಟ ನೀರು ಕುಡಿ ಮಗಳೇ. ಈ ತಪ್ಪು ಮಾಡದ ನರ್ಸ್ ಯಾರೂ ಇಲ್ಲ. ನಾನು ಎರಡು ಸಲ ಮಾಡಿದ್ದೇನೆ.

ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ತುಂಬಿದ ಮೂತ್ರಕೋಶ ತುಳುಕುತ್ತದೆ! ಹೊರಗೆ ಹೋಗಲು ದಾರಿ ಇಲ್ಲದೆ ಒಳಗೆ ತುಂಬಿ ತುಂಬಿ, ಮೇಲಿಂದ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಡಯಾಪರ್ ಒದ್ದೆ ಇದ್ದ ಮಾತ್ರಕ್ಕೆ ಮೂತ್ರಕೋಶ ಖಾಲಿ ಅಂತಲ್ಲ. ಗಂಡಸರಲ್ಲಿ ಪ್ರಾಸ್ಟೇಟ್ ದೊಡ್ಡದಾಗಿದ್ದರೆ ಇದು ಇನ್ನೂ ಜಾಸ್ತಿ. ಮೇಲಿಂದ ಮೇಲೆ ಸ್ವಲ್ಪವೇ ಒದ್ದೆ ಆಗುತ್ತಿದ್ದರೆ ಕಿಬ್ಬೊಟ್ಟೆ ಮುಟ್ಟಿ ನೋಡು. ಬ್ಲಾಡರ್ ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು.

ಈಗ ನಿನ್ನ ಪ್ರಶ್ನೆ. ಹಿಂದಿನವರ ಹತ್ತಿರ ಎರಡು ಬೇರೆ ಬೇರೆ ಮಾತಿದ್ದವು: ಅರಳುಮರಳು ಮತ್ತು ಸನ್ನಿ. ಅರಳುಮರಳು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಸನ್ನಿ ಗಂಟೆಗಳಲ್ಲಿ, ಹೆಚ್ಚೆಂದರೆ ದಿನಗಳಲ್ಲಿ ಬಂದು ಹಿಡಿಯುತ್ತದೆ. ನಾವು ಡಿಮೆನ್ಶಿಯಾ, ಡೆಲೀರಿಯಂ ಅಂತ ಕಲಿತದ್ದು ಇದನ್ನೇ. ಜ್ವರಕ್ಕೆ ಮಾತ್ರ ಸನ್ನಿ ಬರುವುದು ಅಂತ ಜನ ಅಂದುಕೊಂಡಿದ್ದರು, ಅದೊಂದು ತಪ್ಪು. ಮಲ ಕಟ್ಟಿದರೂ ಬರುತ್ತದೆ, ನೀರು ಕಡಿಮೆಯಾದರೂ ಬರುತ್ತದೆ, ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೂ ಬರುತ್ತದೆ. ಮತ್ತೆ ಡಿಮೆನ್ಶಿಯಾ ಇರುವವರಿಗೇ ಸನ್ನಿ ಬೇಗ ಹಿಡಿಯುವುದು. ಒಂದಿದ್ದರೆ ಇನ್ನೊಂದು ಇರಲ್ಲ ಅಂತಿಲ್ಲ.

ಮುಖ್ಯವಾದ ಗುರುತು ಮರೆವಲ್ಲ, ಗಮನ. ಸಾಧಾರಣ ಹಂತದ ಡಿಮೆನ್ಶಿಯಾ ಇರುವವರು ನೀನು ಯಾರು ಅಂತ ಮರೆಯಬಹುದು. ಆದರೆ ನೀನು ಮಾತಾಡುವಾಗ ನಿನ್ನ ಮುಖ ನೋಡುತ್ತಾರೆ. ಸನ್ನಿಯಲ್ಲಿ ಕಣ್ಣು ನಿಲ್ಲುವುದಿಲ್ಲ. ಒಂದು ಮಾತು ಶುರುಮಾಡಿ ಅರ್ಧಕ್ಕೇ ಎಲ್ಲೋ ಹೋಗುತ್ತಾರೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಕೆಡುತ್ತದೆ, ಮತ್ತೆ ಸರಿಹೋಗುತ್ತದೆ. ಈ ಏರಿಳಿತವೇ ನಮಗೆ ಮೋಸ ಮಾಡುವುದು. ಡಾಕ್ಟರ್ ರೌಂಡ್ಸಿಗೆ ಬಂದಾಗ ಸರಿಯಾಗೇ ಇರುತ್ತಾರೆ!

4ಎಟಿ ಅಂತ ಒಂದು ಪರೀಕ್ಷೆ ಇದೆ, ಎರಡು ನಿಮಿಷವೂ ಬೇಡ. ಎಚ್ಚರ ಹೇಗಿದೆ ನೋಡು. ವಯಸ್ಸು, ಹುಟ್ಟಿದ ದಿನ, ಈಗಿರುವ ಜಾಗ, ಇದು ಯಾವ ವರ್ಷ ಕೇಳು. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳು ಹೇಳಿಸು. ಕಡೆಯದು, ಇದು ಇದ್ದಕ್ಕಿದ್ದಂತೆ ಬಂದದ್ದಾ. ಅಂಕ 4 ಅಥವಾ ಜಾಸ್ತಿ ಬಂದರೆ ಸನ್ನಿ ಇರಬಹುದು ಅಂತ ಡಾಕ್ಟರನ್ನು ಕರೆ. ಆ ಕಡೆಯ ಪ್ರಶ್ನೆಯೊಂದರಿಂದಲೇ 4 ಅಂಕ ಬಂದುಬಿಡಬಹುದು, ನೆನಪಿಟ್ಟುಕೋ. ಅದಕ್ಕೆ ಉತ್ತರ ಪೇಷಂಟ್ ಬಳಿ ಇರುವುದಿಲ್ಲ. ಮನೆಯವರ ಹತ್ತಿರ ಇರುತ್ತದೆ, ಇಲ್ಲಾ ನಿನ್ನೆ ರಾತ್ರಿ ನೋಡಿಕೊಂಡವಳ ಹತ್ತಿರ ಇರುತ್ತದೆ.

ಆ ತಾತ ದಿನಾ ಕೇಳುವ ಪ್ರಶ್ನೆ ಕೇಳಲಿಲ್ಲ ಅಂದೆಯಲ್ಲ, ನಿನ್ನ ಉತ್ತರ ಅದೇ.

---

ಗುಳಿಗೆಡಬ್ಬಿ | ಭಾನುವಾರ, ಮಧ್ಯಾಹ್ನ 12:40

ಫಾರ್ಮಸಿಸ್ಟ್ ಇಲ್ಲಿ. ಒಂದು ಪ್ರಶ್ನೆ: ತಾತನಿಗೆ ಹಿಂದಿನ ಎರಡು ಮೂರು ದಿನದಲ್ಲಿ ಹೊಸ ಮಾತ್ರೆ ಏನಾದರೂ ಶುರುವಾಗಿತ್ತಾ? ನೆಗಡಿಗೆ, ತುರಿಕೆಗೆ, ನಿದ್ದೆಗೆ?

---

ರಾತ್ರಿಪಾಳಿ | ಭಾನುವಾರ, ಮಧ್ಯಾಹ್ನ 1:15

ಅಯ್ಯೋ. ಹೌದು. ಮೂಗು ಸೋರುತ್ತಿತ್ತು ಅಂತ ಗುರುವಾರದಿಂದ ಕ್ಲೋರ್‌ಫೆನಿರಮೈನ್.

---

ಗುಳಿಗೆಡಬ್ಬಿ | ಭಾನುವಾರ, ಮಧ್ಯಾಹ್ನ 1:50

ಅಂದುಕೊಂಡೆ. ನಿಮ್ಮ ಕಥೆಯ ಅರ್ಧ ಅಲ್ಲೇ ಇದೆ.

ನಿದ್ದೆ ತರುವ ಹಳೇ ಕಾಲದ ಅಲರ್ಜಿ ಮಾತ್ರೆಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತವೆ. ಆ ರಾಸಾಯನಿಕ ನೆನಪಿಗೂ ಗಮನಕ್ಕೂ ಬೇಕು, ಮೂತ್ರಕೋಶ ಹಿಂಡುವುದಕ್ಕೂ ಬೇಕು, ಕರುಳು ಚಲಿಸುವುದಕ್ಕೂ ಬೇಕು. ಆಲ್ಜೈಮರ್ಸ್‌ನಲ್ಲಿ ಅದು ಮೊದಲೇ ಕಡಿಮೆ. ಅಂದರೆ ಒಂದೇ ಗುಳಿಗೆ ಮೂತ್ರ ಕಟ್ಟಿಸಿತು, ತಲೆಯನ್ನೂ ಮಂಕು ಮಾಡಿತು. ಖಿನ್ನತೆಯ ಹಳೇ ಮಾತ್ರೆ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯೂಟಿನಿನ್, ಇವೂ ಅದೇ ಜಾತಿ. ನಾನು ಎಷ್ಟೋ ಸಲ ನೋಡಿದ್ದೇನೆ, ನೆನಪಿಗೆ ಅದೇ ರಾಸಾಯನಿಕವನ್ನು ಹೆಚ್ಚಿಸುವ ಡೊನೆಪೆಜಿಲ್ ಒಂದು ಕಡೆ, ಮೂತ್ರಕ್ಕೆ ಆಕ್ಸಿಬ್ಯೂಟಿನಿನ್ ಇನ್ನೊಂದು ಕಡೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂದ ಹಾಗೆ. ವಯಸ್ಸಾದವರಿಗೆ ಆದಷ್ಟೂ ಬೇಡದ ಔಷಧಿಗಳ ಬಿಯರ್ಸ್ ಪಟ್ಟಿ 1991ರಿಂದ ಇದೆ. ಇವುಗಳಲ್ಲಿ ಬಹಳಷ್ಟು ಅದರಲ್ಲಿವೆ.

ಹ್ಯಾಲೋಪೆರಿಡಾಲ್ ಬಗ್ಗೆಯೂ ಹೇಳಿಬಿಡುತ್ತೇನೆ, ನಿಮ್ಮನ್ನು ಬೈಯಲು ಅಲ್ಲ. ಡಿಮೆನ್ಶಿಯಾ ಇರುವ ವಯಸ್ಸಾದವರಿಗೆ ಹೊಸ ತಲೆಮಾರಿನ ಆಂಟಿಸೈಕೋಟಿಕ್ (ಮನೋರೋಗದ ಔಷಧಿ) ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಎಚ್ಚರಿಕೆ ಕೊಟ್ಟಿತು. 2008ರಲ್ಲಿ ಹ್ಯಾಲೋಪೆರಿಡಾಲ್ ಥರದ ಹಳೆಯವನ್ನೂ ಸೇರಿಸಿತು. 2005ರ ಎಚ್ಚರಿಕೆಗೆ 17 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ್ದರು. ಸುಮಾರು 10 ವಾರದ ಅವಧಿಯಲ್ಲಿ ಔಷಧಿ ತೆಗೆದುಕೊಂಡವರಲ್ಲಿ 4.5% ಸಾವು, ಔಷಧಿಯಿಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ 2.6%. ಕೊಡಲೇಬಾರದು ಅಂತಲ್ಲ. ತನಗೋ ಇನ್ನೊಬ್ಬರಿಗೋ ನಿಜವಾದ ಅಪಾಯ ಇದ್ದು, ಬೇರೆ ಯಾವುದೂ ಕೆಲಸ ಮಾಡದಿದ್ದಾಗ, ಕಡಿಮೆ ಡೋಸು, ಕಡಿಮೆ ದಿನ.

ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾ ಇದ್ದರಂತೂ ಹ್ಯಾಲೋಪೆರಿಡಾಲ್ ಹತ್ತಿರಕ್ಕೂ ತರಬೇಡಿ. ಮೈ ಮರಗಟ್ಟಿ, ನುಂಗಲು ಆಗದೆ, ಜೀವಕ್ಕೇ ಬರಬಹುದು. ಮಕ್ಕಳು, ಪ್ರಾಣಿಗಳು ಕಾಣಿಸುತ್ತವೆ ಅನ್ನುವುದು, ನಡಿಗೆ ಬಿಗಿಯಾಗಿರುವುದು, ನಿದ್ದೆಯಲ್ಲಿ ಕೈಕಾಲು ಬೀಸುವುದು, ಈ ಮೂರರಲ್ಲಿ ಯಾವುದು ಕಂಡರೂ ಇಂಜೆಕ್ಷನ್‌ಗೆ ಮೊದಲು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

---

ಒಬ್ಬಳೇ24 | ಭಾನುವಾರ, ಸಂಜೆ 4:30

ಎಲ್ಲ ಸರಿ. ನಾನೂ ನರ್ಸೇ. ನಮ್ಮಲ್ಲಿ ರಾತ್ರಿ 24 ಹಾಸಿಗೆಗೆ ಒಬ್ಬಳು. ಒಬ್ಬರು ಡಿಸೆಂಬರಿಂದ ಹಿಂದಕ್ಕೆ ತಿಂಗಳು ಎಣಿಸುತ್ತಾ ಕೂತರೆ ಇನ್ನೊಬ್ಬರು ಡ್ರಿಪ್ ಕಿತ್ತು ರಕ್ತ ಸುರಿಸುತ್ತಿರುತ್ತಾರೆ. ಪೇಷಂಟ್ ಕೈಯನ್ನು ಮಂಚಕ್ಕೆ ಕಟ್ಟಬೇಡಿ ಅನ್ನುವವರು ಒಂದು ರಾತ್ರಿ ಬಂದು ನಿಲ್ಲಲಿ. ಬಿದ್ದು ಮೂಳೆ ಮುರಿದರೆ ನೋಟಿಸು ಬರುವುದು ನನ್ನ ಹೆಸರಿಗೆ.

---

ಹಳೇಸಿಸ್ಟರ್ | ಭಾನುವಾರ, ಸಂಜೆ 5:10

@ಒಬ್ಬಳೇ24 ನಿನ್ನ ಸಿಟ್ಟು ನ್ಯಾಯವಾದದ್ದು. 24ಕ್ಕೆ ಒಬ್ಬಳು ಅನ್ನುವುದು ನಿನ್ನ ತಪ್ಪಲ್ಲ, ಅದನ್ನು ಬರವಣಿಗೆಯಲ್ಲಿ ಮೇಲಿನವರಿಗೆ ಕೊಡು. ಪ್ರತಿ ಸಲ ಕೊಡು.

ಆದರೆ ಕಟ್ಟಿದರೆ ಬೀಳುವುದಿಲ್ಲ ಅನ್ನುವುದು ಸುಳ್ಳು. ಕಟ್ಟಿಸಿಕೊಂಡವರು ಇನ್ನೂ ಜೋರಾಗಿ ಒದ್ದಾಡುತ್ತಾರೆ. ಮಂಚದ ಕಂಬಿ ಎತ್ತಿದರೆ ಅದನ್ನೂ ಹತ್ತಿ ದಾಟಲು ನೋಡುತ್ತಾರೆ, ಬಿದ್ದರೆ ಇನ್ನಷ್ಟು ಎತ್ತರದಿಂದ ಬೀಳುತ್ತಾರೆ. ಕಟ್ಟಿ ಮಲಗಿಸಿದ ದಿನಗಳಲ್ಲಿ ಕಾಲಿನ ಶಕ್ತಿ ಹೋಗಿ, ಬಿಚ್ಚಿದ ದಿನವೇ ಬೀಳುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ಕಟ್ಟುವುದನ್ನೇ ಕಲಿಸಿದ್ದರು, ವರ್ಷಗಟ್ಟಲೆ ಕಟ್ಟಿದೆ. ಈಗ ಅದನ್ನು ನೆನೆದರೆ ಹೊಟ್ಟೆ ತೊಳಸುತ್ತದೆ.

ನಾವು ಮಾಡಿದ್ದು ಇಷ್ಟೇ: ಮಂಚ ಪೂರ್ತಿ ಕೆಳಕ್ಕೆ ಇಳಿಸು. ಬಚ್ಚಲಿನ ದೀಪ ಹಾಕಿ ಬಾಗಿಲು ತೆರೆದಿಡು. ರಾತ್ರಿ ಒಂಬತ್ತಕ್ಕೆ ಮತ್ತು ಎರಡಕ್ಕೆ, ಅವರು ಕೇಳುವ ಮೊದಲೇ ಎಬ್ಬಿಸಿ ಕರೆದುಕೊಂಡು ಹೋಗು. ಡ್ರಿಪ್ ಬೇಕಾ ಅಂತ ದಿನಾ ಕೇಳು, ಬೇಡದ ಟ್ಯೂಬು ತೆಗೆಸು. ಬೇಕೇ ಬೇಕು ಅಂದರೆ ಬ್ಯಾಂಡೇಜು ಸುತ್ತಿ ಕಣ್ಣಿಗೆ ಕಾಣದ ಹಾಗೆ ಅಂಗಿಯ ತೋಳೊಳಗೆ ಬಿಡು. ಕನ್ನಡಕ, ಕಿವಿ ಮಷಿನ್ ಬೀರುವಿನಲ್ಲಿದ್ದರೆ ತೆಗೆದು ಹಾಕು. ಕಣ್ಣು ಕಾಣದೆ ಕಿವಿ ಕೇಳದೆ ಕತ್ತಲಲ್ಲಿ ಯಾರೋ ಬಂದು ಕೈ ಹಿಡಿದರೆ ನೀನಾದರೂ ಹೊಡೆಯುತ್ತೀಯಾ ಇಲ್ವಾ?

ಇಂಥ ಸಣ್ಣ ಕೆಲಸಗಳಿಂದ ಏನಾಗುತ್ತದೆ ಅನ್ನಬೇಡ. ಶರೋನ್ ಇನೋಯ್ ಎಂಬ ವೈದ್ಯೆ ಮತ್ತು ಅವರ ತಂಡ ಆಸ್ಪತ್ರೆಯಲ್ಲಿ ಇದನ್ನೇ ವ್ಯವಸ್ಥಿತವಾಗಿ ಮಾಡಿ ನೋಡಿದರು: ನಡೆಸುವುದು, ನೀರು ಕುಡಿಸುವುದು, ಕಣ್ಣು ಕಿವಿಗೆ ಸಹಾಯ, ಮಾತ್ರೆ ಇಲ್ಲದೆ ನಿದ್ದೆ. 1999ರಲ್ಲಿ ಫಲಿತಾಂಶ ಬಂತು. ಮಾಮೂಲಿ ವಾರ್ಡಿನಲ್ಲಿ 15% ಜನರಿಗೆ ಸನ್ನಿ ಬಂದರೆ ಇವರಲ್ಲಿ 9.9%. ಬಂದ ಸನ್ನಿಯ ಜೋರನ್ನು ತಗ್ಗಿಸಲು ಅಷ್ಟಾಗಿ ಆಗಲಿಲ್ಲ. ಬರದಂತೆ ತಡೆದದ್ದೇ ಲಾಭ.

---

ಒಬ್ಬಳೇ24 | ಭಾನುವಾರ, ಸಂಜೆ 5:25

ಎರಡು ಗಂಟೆಯ ಬಚ್ಚಲು ಮಾತ್ರ ಮಾಡಿ ನೋಡುತ್ತೇನೆ. ಉಳಿದದ್ದಕ್ಕೆ ಮಾತು ಕೊಡುವುದಿಲ್ಲ.

---

ಮೂರನೇಮಗಳು | ಭಾನುವಾರ, ರಾತ್ರಿ 8:45

ನಾನು ನರ್ಸ್ ಅಲ್ಲ. ಅಮ್ಮನನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇನೆ, ಆಲ್ಜೈಮರ್ಸ್ ಆಗಿ ಆರು ವರ್ಷ. ಇಲ್ಲಿ ಕೇಳಬಹುದಾ? ಊಟ, ನಿದ್ದೆ ಎಲ್ಲ ಹೇಗೋ ಆಗುತ್ತದೆ. ಸ್ನಾನ ಮಾತ್ರ ಯುದ್ಧ. ನೀರು ತಲೆಗೆ ಬಿದ್ದ ಕೂಡಲೇ "ಕೊಲ್ತಾಳೆ, ಕೊಲ್ತಾಳೆ" ಅಂತ ಕಿರುಚುತ್ತಾರೆ. ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ. ಕಳೆದ ವಾರ ನನ್ನ ಕೈ ಕಚ್ಚಿದರು. ನಾನೂ ಒಂದು ಏಟು ಹಾಕಿಬಿಟ್ಟೆ. ಬರೆಯಲು ನಾಚಿಕೆಯಾಗುತ್ತದೆ.

---

ಮನೋವಾರ್ಡ್ | ಭಾನುವಾರ, ರಾತ್ರಿ 9:30

ಅಕ್ಕ, ಬರೆದದ್ದು ಒಳ್ಳೆಯದಾಯಿತು. ನಾನು ಮನೋರೋಗ ವಿಭಾಗದ ನರ್ಸ್, ವಯಸ್ಸಾದವರದ್ದೇ ವಾರ್ಡು. ಏಟಿನ ವಿಷಯಕ್ಕೆ ಕಡೆಗೆ ಬರುತ್ತೇನೆ, ಮೊದಲು ಸ್ನಾನ.

ನಿಮ್ಮ ಅಮ್ಮನ ಕಡೆಯಿಂದ ಒಂದು ಸಲ ನೋಡಿ. ಗುರುತಾಗದ ಹೆಂಗಸೊಬ್ಬಳು ಬಟ್ಟೆ ಬಿಚ್ಚುತ್ತಾಳೆ. ಚಳಿ. ಮೇಲಿಂದ ಏನೋ ಮುಖಕ್ಕೆ ಸುರಿಯುತ್ತದೆ, ಉಸಿರು ಕಟ್ಟುತ್ತದೆ. ಅವರು ಕೂಗುತ್ತಿರುವುದು ಸುಳ್ಳಲ್ಲ. ಅವರಿಗೆ ಹಾಗೇ ಅನಿಸುತ್ತಿದೆ.

ತಲೆಯಿಂದ ಶುರು ಮಾಡಬೇಡಿ. ತಲೆಸ್ನಾನ ಬೇರೆ ದಿನ, ಬೇರೆ ಕೆಲಸ. ಕೋಣೆ ಮೊದಲೇ ಬೆಚ್ಚಗಿರಲಿ, ಬೇಕಾದ್ದೆಲ್ಲ ಕೈಗೆ ಸಿಗುವ ಹಾಗಿರಲಿ, ಮಧ್ಯೆ ಬಿಟ್ಟು ಓಡುವ ಹಾಗಾಗಬಾರದು. ಕೂರಿಸಿ. ಹೆಗಲಿನಿಂದ ಮಂಡಿವರೆಗೆ ಒಂದು ದೊಡ್ಡ ಟವೆಲ್ ಹೊದಿಸಿ, ಟವೆಲ್ ಮೈಮೇಲೆ ಇರುವಾಗಲೇ ಒಳಗಿನ ಬಟ್ಟೆ ತೆಗೆಯಿರಿ. ಅವರ ಕೈಗೇ ಒದ್ದೆ ಬಟ್ಟೆ ಕೊಡಿ. ಪಾದದಿಂದ ಶುರು ಮಾಡಿ. ನಿಮ್ಮ ಕೈಯನ್ನು ಮೊದಲು ಅವರ ಪಾದದ ಮೇಲೆ ಸುಮ್ನೆ ಇಟ್ಟು, "ಕಾಲು ಒರೆಸಲಾ ಅಮ್ಮಾ?" ಅಂತ ಕೇಳಿ, ಅವರು ಕೆಳಗೆ ನೋಡುವವರೆಗೆ ಕಾಯಿರಿ. ನೋಡಿದ ಮೇಲೆ ಒರೆಸಿ. ಒಂದು ಕಾಲು ಆಯಿತು ಅಂದರೆ ಅದನ್ನು ಮುಚ್ಚಿ, ಇನ್ನೊಂದು ತೆಗೆಯಿರಿ. ಟವೆಲ್ ಅಡಿಯಲ್ಲೇ ಕೈ ಹೋಗಲಿ. ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಬನ್ನಿ. ಆಗ ಬೇಡ ಅಂದದ್ದು ಅವರಿಗೆ ನೆನಪಿರುವುದಿಲ್ಲ. ಮರೆವಿನಿಂದ ನಮಗಿರುವ ಲಾಭ ಅದೊಂದೇ!

ದಿನಾ ಸ್ನಾನ ಆಗಲೇಬೇಕು ಅಂತ ವೈದ್ಯಶಾಸ್ತ್ರದಲ್ಲಿ ಎಲ್ಲೂ ಇಲ್ಲ. ಮುಖ, ಕಂಕುಳು, ತೊಡೆಸಂದು, ಪಾದ ದಿನಾ ಚೊಕ್ಕಟ ಇದ್ದರೆ ಸಾಕು.

ಮತ್ತೆ ನೋಡಿ, ತೋಳು ಎತ್ತಿದಾಗ ಮುಖ ಕಿವುಚುತ್ತಾರಾ? ನೋವು ಇರಬಹುದು. ಹೇಳಲು ಬಾರದವರ ನೋವು ಅಳೆಯಲು ನಾವು ಪೇನ್ಯಾಡ್ ಎಂಬ ಅಳತೆ ಬಳಸುತ್ತೇವೆ. ಉಸಿರು, ನರಳಿಕೆ, ಮುಖ, ಮೈಯ ಬಿಗಿ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ ಇಲ್ವಾ, ಐದಕ್ಕೂ 0ಯಿಂದ 2, ಒಟ್ಟು 10. ಜಗಳಗಂಟಿ ಅಂತ ಹೆಸರು ಪಡೆದ ಒಬ್ಬರು ಅಜ್ಜಿಗೆ ಸ್ನಾನಕ್ಕೆ ಮುಕ್ಕಾಲು ಗಂಟೆ ಮೊದಲು ಪ್ಯಾರಸಿಟಮಾಲ್ ಕೊಟ್ಟು ನೋಡಿದೆವು. ಆಮೇಲೆ ಜಗಳವೇ ಇಲ್ಲ. ಭುಜದ ಕೀಲು ಹಿಡಿದುಕೊಂಡಿತ್ತು ಅಷ್ಟೇ.

ಇನ್ನು ಆ ಏಟು. ಅದು ಸರಿ ಅಂತ ನಾನು ಹೇಳುವುದಿಲ್ಲ, ನಿಮಗೂ ಗೊತ್ತು. ಆದರೆ ಆರು ವರ್ಷ ಒಬ್ಬರೇ ಮಾಡುತ್ತಿದ್ದರೆ ಅದು ನಿಮ್ಮ ಮೈ ಸೋತಿದೆ ಅನ್ನುವ ಸೂಚನೆ. ಹೆಸರಲ್ಲೇ ಇದೆ, ನೀವು ಮೂರನೆಯವರು. ಉಳಿದಿಬ್ಬರು ಎಲ್ಲಿ? ವಾರಕ್ಕೆ ಒಂದು ದಿನ ಪೂರ್ತಿ ಇನ್ನೊಬ್ಬರ ಕೈಗೆ ಬಿಡಿ. ಮತ್ತೆ ಆ ಸಿಟ್ಟು ಬಂದರೆ ಅಮ್ಮನನ್ನು ಸುರಕ್ಷಿತವಾಗಿ ಕೂರಿಸಿ, ಕೋಣೆಯಿಂದ ಆಚೆ ಹೋಗಿ. ಸ್ನಾನ ಅರ್ಧಕ್ಕೆ ನಿಂತರೂ ನಿಲ್ಲಲಿ.

---

ಮೂರನೇಮಗಳು | ಭಾನುವಾರ, ರಾತ್ರಿ 9:50

ಉಳಿದಿಬ್ಬರು ಫೋನಿನಲ್ಲಿ ಸಲಹೆ ಕೊಡುತ್ತಾರೆ 🙂 ಈ ಕೊಂಡಿ ಅವರಿಗೆ ಕಳಿಸಿದ್ದೇನೆ.

---

ನಿವೃತ್ತಮೇಷ್ಟ್ರು | ಸೋಮವಾರ, ಬೆಳಿಗ್ಗೆ 6:30

ನನ್ನ ಹೆಂಡತಿಗೆ ಈ ಕಾಯಿಲೆ. ಸಂಜೆಯಾದರೆ "ನಮ್ಮಮ್ಮ ಎಲ್ಲಿ?" ಅಂತ ಶುರು. ನಮ್ಮತ್ತೆ ತೀರಿಕೊಂಡು ಮೂವತ್ತು ವರ್ಷ. ನಿಜ ಹೇಳಿದೆ. ಆವತ್ತೇ ಸುದ್ದಿ ಬಂದ ಹಾಗೆ ಅತ್ತಳು. ಮಾರನೇ ದಿನ ಮತ್ತೆ ಕೇಳಿದಳು, ಮತ್ತೆ ಹೇಳಿದೆ, ಮತ್ತೆ ಅತ್ತಳು. ಈಗ "ಬರ್ತಾರೆ, ದಾರಿಯಲ್ಲಿದ್ದಾರೆ" ಅನ್ನುತ್ತೇನೆ. ಜೀವನವಿಡೀ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದವನು ನಾನು. ಇದು ಸರಿಯಾ?

---

ಗುಳಿಗೆಡಬ್ಬಿ | ಸೋಮವಾರ, ಬೆಳಿಗ್ಗೆ 8:10

ಸರಿಯೇ ಸರ್. ಯಾರಿಗೂ ನಷ್ಟವಿಲ್ಲದ ಸುಳ್ಳು.

---

ಮನೋವಾರ್ಡ್ | ಸೋಮವಾರ, ಬೆಳಿಗ್ಗೆ 8:40

ನಾನು ಇಲ್ಲಿ ಪೂರ್ತಿ ಒಪ್ಪುವುದಿಲ್ಲ. "ದಾರಿಯಲ್ಲಿದ್ದಾರೆ" ಅಂದರೆ ಬಾಗಿಲು ಕಾಯುತ್ತಾ ಕೂರುತ್ತಾರೆ. ಬಾರದಿದ್ದಾಗ ಕಳವಳ ಜಾಸ್ತಿ. ಒಂದಲ್ಲ ಒಂದು ದಿನ ನಿಮ್ಮ ಮೇಲಿನ ನಂಬಿಕೆಯೂ ಹೋಗಬಹುದು.

ಸತ್ಯ, ಸುಳ್ಳು ಎರಡನ್ನೂ ಬಿಟ್ಟು ಮೂರನೇ ದಾರಿ ಇದೆ ಮೇಷ್ಟ್ರೇ. ಪ್ರಶ್ನೆಗೆ ಉತ್ತರ ಕೊಡಬೇಡಿ, ಪ್ರಶ್ನೆಯ ಹಿಂದಿರುವುದಕ್ಕೆ ಕೊಡಿ. "ಅಮ್ಮ ನೆನಪಾದರಾ? ನಿನಗೆ ಜಡೆ ಹಾಕುತ್ತಿದ್ದದ್ದು ಅವರೇ ಅಲ್ವಾ?" ಅಂತ ಮಾತಿಗೆ ಎಳೆಯಿರಿ. ಹೆಚ್ಚಿನ ಸಲ ಅವರಿಗೆ ಬೇಕಾದದ್ದು ಅಮ್ಮನಲ್ಲ, ಅಮ್ಮ ಇದ್ದಾಗಿನ ಧೈರ್ಯ. ಕೆಲವೊಮ್ಮೆ ಹಸಿವು ಇರುತ್ತದೆ, ಅಷ್ಟೇ.

ಸಂಜೆಯೇ ಯಾಕೆ ಅಂತಲೂ ನೋಡಿ. ಬೆಳಕು ಇಳಿದಾಗ, ದಣಿವಾದಾಗ ಗೊಂದಲ ಏರುತ್ತದೆ. ದೀಪ ಕತ್ತಲಾಗುವ ಮೊದಲೇ ಹಾಕಿ. ಮಧ್ಯಾಹ್ನ ತುಂಬಾ ಹೊತ್ತು ಮಲಗಲು ಬಿಡಬೇಡಿ. ಒಂದು ವಾರ ಚೀಟಿಯಲ್ಲಿ ಬರೆದಿಡಿ: ಕೇಳುವ ಮೊದಲು ಏನಾಗಿತ್ತು, ಏನು ಕೇಳಿದರು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು. ಮೇಷ್ಟ್ರಿಗೆ ಬರೆಯುವುದು ಕಷ್ಟವಲ್ಲ.

---

ನಿವೃತ್ತಮೇಷ್ಟ್ರು | ಸೋಮವಾರ, ಬೆಳಿಗ್ಗೆ 9:05

ಜಡೆ ಹಾಕುತ್ತಿದ್ದದ್ದು ಅಮ್ಮನಲ್ಲವಂತೆ, ಅಜ್ಜಿಯಂತೆ. ಈಗ ತಾನೇ ಕೇಳಿದೆ. ಐವತ್ತೊಂದು ವರ್ಷದಲ್ಲಿ ನನಗಿದು ಗೊತ್ತಿರಲಿಲ್ಲ.

---

ಸುಮ್ನೆಓದುವವ | ಸೋಮವಾರ, ಮಧ್ಯಾಹ್ನ 2:20

ಮೂರು ವರ್ಷದಿಂದ ಇಲ್ಲಿ ಓದುತ್ತೇನೆ, ಮೊದಲ ಸಲ ಬರೆಯುತ್ತಿದ್ದೇನೆ. ಎಲ್ಲರೂ ಗಲಾಟೆ ಮಾಡುವವರ ಬಗ್ಗೆ ಹೇಳುತ್ತಿದ್ದೀರಿ. ನಮ್ಮ ಅಪ್ಪ ಗಲಾಟೆ ಮಾಡುವುದಿಲ್ಲ. ಅಮ್ಮ ಹೋಗಿ ಹತ್ತು ತಿಂಗಳು. ಏನು ಕೇಳಿದರೂ "ಗೊತ್ತಿಲ್ಲ". ಊಟ ಕಡಿಮೆ, ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ಪೇಪರ್ ಓದುವುದು ಬಿಟ್ಟರು. ವಯಸ್ಸಾಯಿತು, ಮರೆವು ಅನ್ನುತ್ತಾರೆ ಎಲ್ಲರೂ. ಮೊನ್ನೆ ಬ್ಯಾಂಕ್ ಪಾಸ್‌ಬುಕ್ಕುಗಳನ್ನೆಲ್ಲ ತಂದು ನನ್ನ ಕೈಗೆ ಕೊಟ್ಟರು.

---

ಮನೋವಾರ್ಡ್ | ಸೋಮವಾರ, ಮಧ್ಯಾಹ್ನ 2:35

ಇದನ್ನು ಓದಿದ ಕೂಡಲೇ ಉತ್ತರ ಬರೆಯುತ್ತಿದ್ದೇನೆ. ಇವತ್ತೇ ಅಪ್ಪನ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಅಪ್ಪಾ, ಬದುಕಿರುವುದೇ ಬೇಡ ಅನಿಸುತ್ತಾ? ಸಾಯುವ ಯೋಚನೆ ಬರುತ್ತಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಹೆದರಬೇಡಿ. ಹಾಗಾಗುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕ ಎಲ್ಲ ಎತ್ತಿಡಿ, ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಈ ವಾರವೇ ಹೋಗಿ. ಪಾಸ್‌ಬುಕ್ ಒಪ್ಪಿಸಿದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಬಾಕಿಯವರಿಗಾಗಿ ಇದು: ಮರೆವಿನ ಕಾಯಿಲೆ ಇರುವವರು ಉತ್ತರ ತಪ್ಪು ಹೇಳುತ್ತಾರೆ, ಅದನ್ನು ಮುಚ್ಚಿಡಲು ನೋಡುತ್ತಾರೆ. ಖಿನ್ನತೆ ಇರುವವರು ಪ್ರಯತ್ನವನ್ನೇ ಮಾಡದೆ "ಗೊತ್ತಿಲ್ಲ" ಅನ್ನುತ್ತಾರೆ, ತನಗೆ ಏನೂ ನೆನಪಿಲ್ಲ ಅಂತ ತಾವೇ ದೂರುತ್ತಾರೆ. ಇದು ಪಕ್ಕಾ ಗೆರೆಯಲ್ಲ, ಎರಡೂ ಒಟ್ಟಿಗೆ ಇರಬಹುದು. ವಯಸ್ಸಾದವರ ಖಿನ್ನತೆ ಅಳೆಯಲು 15 ಪ್ರಶ್ನೆಗಳ ಜಿಡಿಎಸ್ ಇದೆ, ಹೌದು ಅಥವಾ ಇಲ್ಲ ಅಂದರೆ ಸಾಕು. ಡಿಮೆನ್ಶಿಯಾ ಜಾಸ್ತಿಯಾಗಿದ್ದರೆ ಕಾರ್ನೆಲ್ ಅಳತೆ ಇದೆ, ಅದರಲ್ಲಿ ನೋಡಿಕೊಳ್ಳುವವರನ್ನೂ ಕೇಳುತ್ತಾರೆ. ವಯಸ್ಸಾದವರ ಖಿನ್ನತೆ ವಾಸಿಯಾಗುತ್ತದೆ. ಊಟ ನೀರು ಬಿಟ್ಟು ಮಲಗಿದ್ದವರು ಇಸಿಟಿ (ತಲೆಗೆ ಕೊಡುವ ವಿದ್ಯುತ್ ಚಿಕಿತ್ಸೆ) ಆದಮೇಲೆ ಎದ್ದು ಕೂತು ಊಟ ಕೇಳಿದ್ದನ್ನು ನಾನು ನೋಡಿದ್ದೇನೆ. ಸಿನಿಮಾದಲ್ಲಿ ತೋರಿಸುವ ಹಾಗಲ್ಲ ಅದು, ಅರಿವಳಿಕೆ ಕೊಟ್ಟು ಮಾಡುತ್ತಾರೆ. ಸ್ವಲ್ಪ ದಿನ ಮರೆವು ಕಾಣಬಹುದು, ಅದನ್ನೂ ಮುಚ್ಚಿಡುವುದಿಲ್ಲ.

ಸುಮ್ಮನಿರುವವರ ಬಗ್ಗೆ ನೀವು ಹೇಳಿದ್ದು ವಾರ್ಡಿಗೂ ಅನ್ವಯಿಸುತ್ತದೆ. ಸನ್ನಿಯಲ್ಲೂ ಮಂಕು ಬಡಿದು ಮಲಗುವ ಬಗೆ ಇದೆ. ಅದೇ ಜಾಸ್ತಿ ಕಣ್ತಪ್ಪುವುದು, ಯಾಕೆಂದರೆ ಅವರು ಬೆಲ್ ಒತ್ತುವುದಿಲ್ಲ.

---

ಗುಳಿಗೆಡಬ್ಬಿ | ಸೋಮವಾರ, ಸಂಜೆ 6:15

ಖಿನ್ನತೆಯ ಮಾತ್ರೆ ಶುರುವಾದರೆ ಒಂದು ಎಚ್ಚರ. ಎಸ್‌ಎಸ್‌ಆರ್‌ಐ ಗುಂಪಿನವು ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಸಬಹುದು. ಮೊದಲ ಕೆಲವು ವಾರಗಳಲ್ಲಿ ಹೊಸದಾಗಿ ಗೊಂದಲ, ತೂಕಡಿಕೆ, ಬೀಳುವುದು ಕಂಡರೆ ಸೋಡಿಯಂ ನೋಡಿಸಿ.

ಬೈಪೋಲಾರ್‌ಗೆ ವರ್ಷಗಳಿಂದ ಲಿಥಿಯಂ ತೆಗೆದುಕೊಳ್ಳುತ್ತಿರುವವರನ್ನೂ ಮರೆಯಬೇಡಿ. ಭೇದಿ ಆಗಿ ನೀರು ಹೋದರೆ, ಇಲ್ಲಾ ಮಂಡಿನೋವಿಗೆ ಐಬುಪ್ರೊಫೆನ್ ನುಂಗಿದರೆ, ಅದೇ ಹಳೇ ಡೋಸು ವಿಷವಾಗಬಹುದು. ಕೈ ದೊಡ್ಡದಾಗಿ ನಡುಗುತ್ತದೆ, ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ. "ಮಾನಸಿಕ ಕಾಯಿಲೆ ಕೆರಳಿದೆ" ಅಂತ ಕೂರಬೇಡಿ, ಆಸ್ಪತ್ರೆಗೆ ಓಡಿ.

---

ಸುಮ್ನೆಓದುವವ | ಸೋಮವಾರ, ರಾತ್ರಿ 10:40

ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು "ಹೌದು" ಅಂದರು. ಸಂಜೆಯೇ ತೋರಿಸಿದೆವು. ಇವತ್ತು ಅವರ ಕೋಣೆಯಲ್ಲೇ ಮಲಗುತ್ತಿದ್ದೇನೆ. @ಮನೋವಾರ್ಡ್ ಮತ್ತೆ ಬರೆಯುತ್ತೇನೆ.

---

ಒಬ್ಬಳೇ24 | ಬುಧವಾರ, ಬೆಳಿಗ್ಗೆ 8:30

ಎರಡು ಗಂಟೆಯ ಬಚ್ಚಲು: ಎರಡು ರಾತ್ರಿ ಮಾಡಿದೆ, ಆರು ಜನರಿಗೆ. ನಲವತ್ತು ನಿಮಿಷ ಹಿಡಿಯಿತು. ಆಮೇಲೆ ಬೆಳಿಗ್ಗೆವರೆಗೆ ಆ ಆರರಲ್ಲಿ ಐದು ಜನ ಏಳಲಿಲ್ಲ. ಆರನೆಯವರು ಎದ್ದು ನನ್ನ ಕುರ್ಚಿಯಲ್ಲಿ ಕೂತಿದ್ದರು. ಕೂತಿರಲಿ ಅಂತ ಬಿಟ್ಟೆ.

---

ರಾತ್ರಿಪಾಳಿ | ಗುರುವಾರ, ಬೆಳಿಗ್ಗೆ 9:15

ಎಲ್ಲರಿಗೂ ಥ್ಯಾಂಕ್ಸ್. ನೆಗಡಿ ಮಾತ್ರೆ ನಿಲ್ಲಿಸಿದರು. ಕ್ಯಾಥೆಟರ್ ಮಂಗಳವಾರ ತೆಗೆದರು, ಈಗ ತಾನಾಗೇ ಮೂತ್ರ ಹೋಗುತ್ತಿದೆ, ಸ್ಕ್ಯಾನರಿನಲ್ಲಿ ನೋಡಿದರೆ ಒಳಗೆ ಉಳಿಯುತ್ತಿಲ್ಲ. ಮಂಕು ಮಾತ್ರ ಹೋಗಲು ಹೊತ್ತು ಹಿಡಿಯಿತು. ಕಾರಣ ಸರಿಹೋದ ಕೂಡಲೇ ತಲೆಯೂ ಸರಿಹೋಗುತ್ತದೆ ಅಂದುಕೊಂಡಿದ್ದೆ. ವಾರಗಟ್ಟಲೆ ಹಿಡಿಯಬಹುದು ಅಂತ ಸಿಸ್ಟರ್ ಅಂದರು.

ಹ್ಯಾಂಡ್‌ಓವರ್ ಹಾಳೆಯಲ್ಲಿ (ಪಾಳಿ ಬದಲಾಗುವಾಗ ಕೊಡುವ ವರದಿ) ಹೊಸದೊಂದು ಸಾಲು ಸೇರಿಸಿದ್ದೇವೆ: "ಎಂದಿನಂತೆ ಇದ್ದರೆ ಹೇಗಿರುತ್ತಾರೆ?" ಪ್ರತಿ ಹಾಸಿಗೆಗೂ ಒಂದೇ ವಾಕ್ಯ. ಮನೆಯವರನ್ನು ಕೇಳಿ ಬರೆಯುತ್ತೇವೆ. ಮೊದಲ ದಿನ ಅರ್ಧಕ್ಕರ್ಧ ಖಾಲಿ ಇತ್ತು. ದಿನಾ ಔಷಧಿ ಕೊಡುತ್ತಿದ್ದವರ ಬಗ್ಗೆ ಬರೆಯಲು ಒಂದು ವಾಕ್ಯ ಇರಲಿಲ್ಲ ನಮ್ಮ ಹತ್ತಿರ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ತಾತನ ಬಿಪಿ ನೋಡುತ್ತಿದ್ದೆ. ಪಟ್ಟಿ ಬಿಚ್ಚುವಾಗ ಕೈ ಹಿಡಿದು, "ನಿನ್ನ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತಮ್ಮಾ?" ಅಂದರು. ಎಂಟಕ್ಕೆ ತಾತ ಅಂದೆ. ಬೆಳಿಗ್ಗೆವರೆಗೆ ಹದಿನಾಲ್ಕು ಸಲ ಕೇಳಿದರು. ಹದಿನಾಲ್ಕನ್ನೂ ಚಾರ್ಟಿನಲ್ಲಿ ಬರೆದಿದ್ದೇನೆ.